ಒಡಲು ಕಿತ್ತಳೆ, ಅಂಚು ನೇರಳೆ: ಸಂಕ್ರಾಂತಿಗೆ ಅರಳುವ ಹೂಪಾತಿ

ಮನೆ ಮುಂದಿನ ಪುಟ್ಟ ಜಾಗದಲ್ಲಿ ಕೆಂಪು ಸಾಲ್ವಿಯಾ, ಹಳದಿ ಚೆಂಡು ಹೂ, ರಾಣಿ ಬಣ್ಣದ ನಿತ್ಯಪುಷ್ಪ, ನೇರಳೆ ಆಸ್ಟರ್, ಕಿತ್ತಳೆ ಕನಕಾಂಬರ ಎಲ್ಲವೂ ಅರಳಿರುತ್ತವೆ. ಆದರೂ ಗೇಟಿನ ಬಳಿ ನಿಂತವರ ಕಣ್ಣು ಯಾವುದರ ಮೇಲೂ ನಿಲ್ಲುವುದಿಲ್ಲ. ಬಣ್ಣ ಅತಿಯಾಯಿತೆಂದು ಹಲವರು ಗಿಡಗಳನ್ನೇ ಕಿತ್ತು ತಿಳಿ ಬಣ್ಣದವನ್ನು ತರುತ್ತಾರೆ. ಬಯಲುಸೀಮೆಯ ಬಿಸಿಲಿಗೆ ತಿಳಿ ಬಣ್ಣ ತಾಳುವುದಿಲ್ಲ. ಕೆನೆ, ತಿಳಿಗುಲಾಬಿಗಳು ಬೆಳಿಗ್ಗೆ ಹತ್ತರ ಹೊತ್ತಿಗೇ ಬೆಳ್ಳಗೆ ಮಂಕಾಗಿ ಕಾಣುತ್ತವೆ. ನಮ್ಮ ಬೆಳಕಿಗೆ ಗಾಢ ಬಣ್ಣವೇ ಸರಿ. ಎಡವುವುದು ಅಳತೆಯಲ್ಲಿ: ಐದು ಬಣ್ಣವನ್ನು ಸಮಸಮ ಹಂಚಿದರೆ ಒಂದೂ ಎದ್ದು ಕಾಣದು.

ಸೀರೆಯಿಂದ ಕಲಿಯುವ ಅಳತೆ

ಇಳಕಲ್ ಸೀರೆಯನ್ನು ಹರಡಿ ನೋಡಿ. ಒಡಲು ಒಂದೇ ಬಣ್ಣ, ಅದೇ ಹೆಚ್ಚು. ಅಂಚಿಗೆ ಅದನ್ನು ಎದುರಿಸಿ ನಿಲ್ಲುವ ಇನ್ನೊಂದು ಗಾಢ ಬಣ್ಣ. ಸೆರಗಿನಲ್ಲಿ ಕೆಂಪು ನೆಲದ ಮೇಲೆ ಬಿಳಿ ತೆನೆ. ಆ ಚೂರು ಬಿಳಿ ಇರುವುದರಿಂದಲೇ ಕೆಂಪು ಅಷ್ಟು ಕೆಂಪಾಗಿ ಕಾಣುತ್ತದೆ. ಹೂಪಾತಿಗೂ ಇದೇ ಲೆಕ್ಕ ಹೊಂದುತ್ತದೆ: ಜಾಗದ ಹತ್ತು ಪಾಲಿನಲ್ಲಿ ಆರು ಪಾಲು ಒಡಲು, ಮೂರು ಪಾಲು ಅಂಚು, ಒಂದು ಪಾಲು ಬಿಳಿ. ಅಂಗುಲ ಅಂಗುಲ ಅಳೆಯಬೇಕಿಲ್ಲ. ಆದರೆ ಒಡಲು ಅರ್ಧಕ್ಕಿಂತ ಕಡಿಮೆಯಾದರೆ ಪಾತಿ ಮತ್ತೆ ಚದುರುತ್ತದೆ.

ಯಾವ ಬಣ್ಣಕ್ಕೆ ಯಾವುದು ಜೊತೆ? ಕಿತ್ತಳೆ ಮತ್ತು ನೇರಳೆ, ಹಳದಿ ಮತ್ತು ಕಡುಗೆಂಪು, ಇವು ಒಂದನ್ನೊಂದು ಎತ್ತಿ ತೋರಿಸುತ್ತವೆ. ಕಾದಾಡುವುದು ಹೆಚ್ಚಾಗಿ ಎರಡು ಬಗೆಯ ಕೆಂಪುಗಳು. ಒಂದು ಕುಂಕುಮದ ಕೆಂಪು, ಹಳದಿಯ ಕಡೆ ವಾಲಿದ್ದು: ಕೆಂಪು ಸಾಲ್ವಿಯಾ, ಕೇಪಳ, ಕೆಂಪು ಕಾಬಾಳೆ. ಇನ್ನೊಂದು ರಾಣಿ ಬಣ್ಣ, ನೀಲಿಯ ಕಡೆ ವಾಲಿದ್ದು: ಕಾಗದದ ಹೂ, ಗುಲಾಬಿ ನಿತ್ಯಪುಷ್ಪ, ಗುಲಾಬಿ ಆಸ್ಟರ್. ಎರಡನ್ನೂ ಒತ್ತೊತ್ತಾಗಿ ನೆಟ್ಟರೆ ಕುಂಕುಮದ ಕೆಂಪು ಇಟ್ಟಿಗೆಯಂತೆ ಒರಟಾಗಿಯೂ ರಾಣಿ ಬಣ್ಣ ಕೊಳೆಯಾದಂತೆಯೂ ಕಾಣುತ್ತದೆ. ಒಂದನ್ನು ಮನೆಯ ಮುಂದಿಡಿ, ಇನ್ನೊಂದನ್ನು ಪಕ್ಕದ ಓಣಿಗೆ ಕಳಿಸಿ.

ನೆಡುವ ಮೊದಲು ಬಾಳೆ ಎಲೆಯಲ್ಲಿ ನೋಡಿ

ಹೂವಿನ ಮಾರುಕಟ್ಟೆಯಿಂದ ಕಾಲು ಕಿಲೋ ಕಿತ್ತಳೆ ಚೆಂಡು ಹೂ, ನೂರು ಗ್ರಾಂ ನೇರಳೆ ಆಸ್ಟರ್, ಒಂದು ಹಿಡಿ ಬಿಳಿ ಸೇವಂತಿಗೆ ತನ್ನಿ. ಪಾತಿ ಬರುವ ಜಾಗದಲ್ಲೇ ಒಂದು ದೊಡ್ಡ ಹಸಿರು ಬಾಳೆ ಎಲೆ ಹಾಸಿ, ಆರು-ಮೂರು-ಒಂದರ ಅಳತೆಯಲ್ಲಿ ಜೋಡಿಸಿ. ಇಪ್ಪತ್ತು ಅಡಿ ದೂರದಿಂದ ಮೂರು ಹೊತ್ತು ನೋಡಬೇಕು: ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಆರೂವರೆಗೆ. ಸಂಜೆಯ ನೋಟವನ್ನು ಬಿಡಬೇಡಿ. ಬೆಳಕು ಕುಂದಿದಂತೆ ನಮ್ಮ ಕಣ್ಣಿಗೆ ಮೊದಲು ಕಪ್ಪಾಗುವುದು ಕೆಂಪು. ನೀಲಿಯೂ ಬಿಳಿಯೂ ಇನ್ನೂ ಸ್ವಲ್ಪ ಹೊತ್ತು ಉಳಿಯುತ್ತವೆ. ಕೆಲಸ ಮುಗಿಸಿ ಸಂಜೆ ಮನೆಗೆ ಬರುವವರು ಬರೀ ಕೆಂಪು ಸಾಲ್ವಿಯಾ ನೆಟ್ಟರೆ ಅವರ ಪಾಲಿಗೆ ಪಾತಿ ಕತ್ತಲೆಯ ಗುಡ್ಡೆಯಾಗಿರುತ್ತದೆ.

ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ಕಪ್ಪು-ಬಿಳುಪು ಮಾಡಿಯೂ ನೋಡಿ. ಎರಡು ಬಣ್ಣಗಳು ಒಂದೇ ಬೂದಿಯಾಗಿ ಬೆರೆತರೆ ದೂರದಿಂದ ಅವು ಬೇರೆ ಬೇರೆಯಾಗಿ ನಿಲ್ಲವು. ಕಿತ್ತಳೆ-ನೇರಳೆ ಈ ಪರೀಕ್ಷೆಯಲ್ಲಿ ಸುಲಭವಾಗಿ ಗೆಲ್ಲುತ್ತವೆ. ಅದಕ್ಕೇ ಇಲ್ಲಿ ಆ ಜೋಡಿಯನ್ನು ಆರಿಸಿದ್ದೇವೆ.

ಜಾಗ, ಗೋಡೆ, ಮಣ್ಣು

ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೀಳಬೇಕು. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಿರುತ್ತಾನೆ, ಆದ್ದರಿಂದ ದಕ್ಷಿಣ ಅಥವಾ ಪೂರ್ವ ದಿಕ್ಕು ತೆರೆದಿರುವ ಜಾಗ ಬೇಕು. ಕಾಂಪೌಂಡ್ ಗೋಡೆಗೆ ಹಳದಿ ಅಥವಾ ಕಿತ್ತಳೆ ಬಣ್ಣ ಬಳಿದಿದ್ದರೆ ಚೆಂಡು ಹೂ ಅದರಲ್ಲಿ ಮುಳುಗಿಹೋಗುತ್ತದೆ. ಸುಣ್ಣದ ಬಿಳಿ ಗೋಡೆಯಾದರೆ ಮಧ್ಯಾಹ್ನ ಕಣ್ಣು ಕುಕ್ಕುತ್ತದೆ. ಎರಡಕ್ಕೂ ಮದ್ದು ಹಸಿರೇ: ಗೋಡೆಗೆ ಶಂಖಪುಷ್ಪದ ಬಳ್ಳಿ ಹಬ್ಬಿಸಿ, ಇಲ್ಲವೇ ಹಿಂದೆ ನಂದಿಬಟ್ಟಲಿನ ಸಾಲು ಇರಲಿ.

ಪಾತಿಯ ಅಳತೆ ಹತ್ತಡಿ ಉದ್ದ, ನಾಲ್ಕಡಿ ಅಗಲ. ಗೋಡೆಗೂ ಪಾತಿಗೂ ನಡುವೆ ಒಂದಡಿ ಬಿಡಿ. ಒಂದೇ ಕಡೆಯಿಂದ ಕೈ ಚಾಚಿದರೆ ಎರಡೂವರೆ ಅಡಿಗಿಂತ ಆಚೆ ತಲುಪುವುದಿಲ್ಲ. ಹಿಂದಿನ ಸಾಲಿನ ಒಣಗಿದ ಹೂ ತೆಗೆಯಲು ಹೋಗಿ ಮುಂದಿನ ಗಿಡಗಳನ್ನು ತುಳಿಯುವುದು ಹೀಗೆಯೇ.

ಒಂದಡಿ ಆಳ ಅಗೆದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 20 ಕಿಲೋ, ಬೇವಿನ ಹಿಂಡಿ 1 ಕಿಲೋ ಬೆರೆಸಿ. ಯೂರಿಯಾ ಬೇಡ. ಸಾರಜನಕ ಹೆಚ್ಚಾದರೆ ಚೆಂಡು ಹೂವಿನ ಗಿಡ ಎದೆಮಟ್ಟ ಸೊಪ್ಪು ಬಿಟ್ಟು ಹೂ ಬಿಡಲು ತಡಮಾಡುತ್ತದೆ. ಪಾತಿಯ ಹಿಂಬದಿಯನ್ನು ಮುಂಬದಿಗಿಂತ ನಾಲ್ಕು ಅಂಗುಲ ಎತ್ತರಿಸಿ, ಮುಂದಕ್ಕೆ ಇಳಿಜಾರು ಬರುವಂತೆ ಸಮ ಮಾಡಿ. ಈ ನಾಲ್ಕು ಅಂಗುಲದ ಉಪಯೋಗ ಮುಂದೆ ತಿಳಿಯುತ್ತದೆ.

ಗಿಡಗಳ ಲೆಕ್ಕ

ಹಿಂದಿನ ಎರಡೂವರೆ ಅಡಿ ಪಟ್ಟಿಯಲ್ಲಿ ಎತ್ತರದ ಕಿತ್ತಳೆ ಚೆಂಡು ಹೂ: ಎರಡು ಸಾಲು, ಗಿಡದಿಂದ ಗಿಡಕ್ಕೆ 15 ಅಂಗುಲ, ಸಾಲಿಗೆ ಎಂಟರಂತೆ 16 ಗಿಡ. ನಡುವಿನ ಒಂದಡಿ ಪಟ್ಟಿಯಲ್ಲಿ ನೇರಳೆ ಆಸ್ಟರ್: ಎರಡು ಸಾಲು, ಸಾಲುಗಳ ನಡುವೆ 6 ಅಂಗುಲ, ಗಿಡಗಳ ನಡುವೆ 12 ಅಂಗುಲ, ಒಂದು ಸಾಲಿನ ಗಿಡ ಇನ್ನೊಂದರ ಸಂದಿಗೆ ಬರುವಂತೆ 20 ಗಿಡ. ಮುಂದಿನ ಅರ್ಧ ಅಡಿಗೆ ಅಲಿಸಮ್ ಎಂಬ ಗಿಡ್ಡ ಬಿಳಿ ಹೂ, 6 ಅಂಗುಲಕ್ಕೊಂದರಂತೆ 20.

ಆಸ್ಟರ್‌ಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವೈಲೆಟ್ ಕುಶನ್ ತಳಿ ಸಿಕ್ಕರೆ ಒಳ್ಳೆಯದು. ಅದೇ ಸಂಸ್ಥೆಯ ಕಾಮಿನಿ ಗಾಢ ಗುಲಾಬಿ, ಪೂರ್ಣಿಮಾ ಬಿಳಿ. ಯಾವ ಅಂಗಡಿಯಲ್ಲಿ ಕೊಂಡರೂ ‘ಮಿಶ್ರ ಬಣ್ಣ’ ಎಂದು ಬರೆದ ಪೊಟ್ಟಣ ಬೇಡವೇ ಬೇಡ. ಮೂರು ತಿಂಗಳ ಕೆಲಸ ಆ ಒಂದು ಪೊಟ್ಟಣದಿಂದ ಹಾಳಾಗುತ್ತದೆ. ಸಂಕರ ತಳಿಯ ಚೆಂಡು ಹೂವಿನಿಂದ ಮನೆಯಲ್ಲೇ ತೆಗೆದ ಬೀಜವೂ ತಾಯಿಗಿಡದ ಬಣ್ಣವನ್ನೇ ಕೊಡುತ್ತದೆಂಬ ಭರವಸೆಯಿಲ್ಲ. ನರ್ಸರಿಯಿಂದ ಸಸಿ ತರುವುದಾದರೆ ಒಂದಾದರೂ ಮೊಗ್ಗು ಬಣ್ಣ ತೋರಿದ ಮೇಲೆಯೇ ಆರಿಸಿ.

ಮೂರು ಹೂ, ಮೂರು ಬಿತ್ತನೆ ದಿನ

ಹೆಚ್ಚಿನ ಪಾತಿಗಳು ಸೋಲುವುದು ಇಲ್ಲಿ. ಮೂರನ್ನೂ ಒಂದೇ ದಿನ ಬಿತ್ತಿದರೆ ಅಲಿಸಮ್ ಅರಳಿ ಮುಗಿಯುವ ಹೊತ್ತಿಗೆ ಆಸ್ಟರ್ ಇನ್ನೂ ಎಲೆಯಲ್ಲೇ ಇರುತ್ತದೆ. ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಬೇಕು. ಗುರಿ ಜನವರಿ 14 ಎಂದಿಟ್ಟುಕೊಳ್ಳಿ.

ಆಸ್ಟರ್‌ಗೆ ಬೀಜದಿಂದ ಹೂವಿಗೆ ನೂರರಿಂದ ನೂರಹತ್ತು ದಿನ. ಸೆಪ್ಟೆಂಬರ್ ಕೊನೆಯ ವಾರ ಪ್ರೋಟ್ರೇಯಲ್ಲಿ (ಸಸಿ ಬೆಳೆಸುವ ಗುಳಿಗಳ ತಟ್ಟೆ) ತೆಂಗಿನ ನಾರಿನ ಪುಡಿ ತುಂಬಿ ಬಿತ್ತಿ; 20 ಗಿಡ ಬೇಕಿದ್ದರೆ 35 ಬೀಜ. ಎಂಟು-ಹತ್ತು ದಿನಕ್ಕೆ ಮೊಳೆಯುತ್ತದೆ. ಐದು ವಾರದ ಸಸಿಯನ್ನು ಅಕ್ಟೋಬರ್ ಕೊನೆಗೆ ನಾಟಿ ಮಾಡಿ.

ಚೆಂಡು ಹೂವನ್ನು ಅಕ್ಟೋಬರ್ 22ರ ಸುಮಾರಿಗೆ ಬಿತ್ತಿ, 25 ಬೀಜ ಸಾಕು. ಐದಾರು ದಿನಕ್ಕೆ ಮೊಳಕೆ, ನಾಲ್ಕೈದು ಎಲೆ ಬಂದ ಮೇಲೆ ನವೆಂಬರ್ ಮಧ್ಯದಲ್ಲಿ ನಾಟಿ. ನಾಟಿಯಾಗಿ ಹದಿನೈದು ದಿನಕ್ಕೆ ತುದಿ ಕುಡಿಯನ್ನು ಉಗುರಿನಿಂದ ಚಿವುಟಿ. ಹೂ ಹತ್ತು ದಿನ ತಡವಾಗುತ್ತದೆ, ಆದರೆ ಒಂದು ದೊಡ್ಡ ತಲೆಯ ಬದಲು ನಾಲ್ಕೈದು ಕವಲು ಒಡೆದು ಒಡಲು ತುಂಬುತ್ತದೆ. ಆ ಹತ್ತು ದಿನ ಮೇಲಿನ ತಾರೀಖಿನಲ್ಲಿ ಸೇರಿದೆ. ಹಗಲು ಚಿಕ್ಕದಾದಷ್ಟೂ ಎತ್ತರದ ಚೆಂಡು ಹೂ ಬೇಗ ಮೊಗ್ಗು ಕಟ್ಟುವ ಜಾತಿ. ಡಿಸೆಂಬರಿಗೆ ಬಿತ್ತನೆ ಮುಂದೂಡಿದರೆ ಗಿಡ ಗಿಡ್ಡದಾಗಿರುವಾಗಲೇ ಅರಳಿ ಮುಂದಿನ ಆಸ್ಟರ್ ಹಿಂದೆ ಅಡಗುತ್ತದೆ. ಪಾತಿಯ ಹಿಂಬದಿ ಎತ್ತರಿಸಿದ ಆ ನಾಲ್ಕು ಅಂಗುಲ ಇದಕ್ಕೇ. ಪೊಟ್ಟಣದ ಮೇಲಿನ ದಿನದ ಲೆಕ್ಕವನ್ನೂ ಓದಿ: ಪೂಸಾ ನಾರಂಗಿಯಂಥ ತಳಿಗಳಿಗೆ ನಾಲ್ಕು ತಿಂಗಳು ಬೇಕು, ಅವು ಈ ಲೆಕ್ಕಕ್ಕೆ ಕೂಡುವುದಿಲ್ಲ.

ಅಲಿಸಮ್ ಬೀಜವನ್ನು ನವೆಂಬರ್ 20ರ ಹೊತ್ತಿಗೆ ನೇರ ಪಾತಿಗೇ ಉದುರಿಸಿ. ಒಣ ಮರಳಿನೊಂದಿಗೆ ಬೆರೆಸಿದರೆ ಸಮವಾಗಿ ಬೀಳುತ್ತದೆ. ಮೇಲೆ ಮಣ್ಣು ಮುಚ್ಚಬೇಡಿ, ಮೊಳೆಯಲು ಬೆಳಕು ಬೇಕು. ಎರಡೆಲೆಯಾದ ಮೇಲೆ ಹೆಚ್ಚಿನವನ್ನು ಕಿತ್ತು ಆರಂಗುಲಕ್ಕೊಂದು ಉಳಿಸಿ.

ಆರೈಕೆ, ಕೆಡುವ ಬಗೆಗಳು

ನಾಟಿಯನ್ನು ಸಂಜೆ ಮಾಡಿ, ಮೊದಲ ವಾರ ದಿನಾ ನೀರು, ಆಮೇಲೆ ಮೇಲ್ಮಣ್ಣು ಒಂದಂಗುಲ ಒಣಗಿದಾಗ ಮಾತ್ರ. ಬುಡಕ್ಕೆ ಹಾಕಿ. ಪೈಪಿನಿಂದ ತಲೆಯ ಮೇಲೆ ಹೊಯ್ದರೆ ಚೆಂಡು ಹೂವಿನ ದಳಗಳ ನಡುವೆ ನೀರು ನಿಂತು ಹೂ ಕೊಳೆಯುತ್ತದೆ, ಕಾಂಡ ಬಾಗುತ್ತದೆ. ಮೊಗ್ಗು ಬಂದ ಕೂಡಲೇ ಗಿಡಕ್ಕೊಂದು ಎರಡಡಿ ಬಿದಿರ ಕಡ್ಡಿ ಕೊಟ್ಟು ಸಡಿಲವಾಗಿ ಕಟ್ಟಿ.

ಅರಳಿದ ಪಾತಿಯಲ್ಲಿ ಎಲ್ಲ ಬಣ್ಣವನ್ನೂ ಕೆಡಿಸುವುದು ಒಣಗಿದ ಹೂವಿನ ಕಂದು. ವಾರಕ್ಕೆರಡು ಸಲ ಬಾಡಿದವನ್ನು ತೊಟ್ಟಿನ ಸಮೇತ ಕತ್ತರಿಸಿ. ಚೆಂಡು ಹೂ ಹೊಸ ಮೊಗ್ಗನ್ನೂ ಕೊಡುತ್ತದೆ. ಚಳಿಯ ಒಣ ಗಾಳಿಗೆ ಚೆಂಡಿನ ಎಲೆ ಧೂಳು ಹಿಡಿದಂತೆ ಮಂಕಾಗಿ, ಸಣ್ಣ ಬಲೆ ಕಂಡರೆ ಅದು ನುಸಿ. ಬೆಳಗಿನ ಹೊತ್ತು ಎಲೆಯ ಅಡಿಗೆ ನೀರು ರಭಸವಾಗಿ ಎರಚಿ, ವಾರಕ್ಕೊಮ್ಮೆ ಬೇವಿನ ಎಣ್ಣೆ ಲೀಟರ್‌ಗೆ 5 ಮಿಲಿ, ಎರಡು ಹನಿ ಸೋಪಿನ ದ್ರಾವಣ ಬೆರೆಸಿ ಸಿಂಪಡಿಸಿ.

ಆಸ್ಟರ್ ಮೂರು-ನಾಲ್ಕು ವಾರ ಅರಳಿ ಮುಗಿಯುತ್ತದೆ, ಮತ್ತೆ ಚಿಗುರದು. ಅಂಚು ಖಾಲಿಯಾಗದಿರಲು ಮೊದಲ ಬಿತ್ತನೆಯ ಇಪ್ಪತ್ತು ದಿನದ ನಂತರ ಇನ್ನೊಂದು ಪ್ರೋಟ್ರೇ ಬಿತ್ತಿ, ಸಸಿಗಳನ್ನು ಆರಂಗುಲದ ಕುಂಡಗಳಲ್ಲಿ ಬೆಳೆಸಿಟ್ಟುಕೊಳ್ಳಿ. ಖಾಲಿಯಾದ ಸಂದಿಗೆ ಕುಂಡವನ್ನೇ ಹೂತರಾಯಿತು.

ಕಿತ್ತಳೆಯ ಬದಲು ಹಳದಿ ಸೇವಂತಿಗೆ ನೆಡುವವರು ಬೀದಿದೀಪ ಎಲ್ಲಿದೆ ಎಂದು ನೋಡಿಕೊಳ್ಳಬೇಕು. ಸೇವಂತಿಗೆ ಮೊಗ್ಗು ಕಟ್ಟಲು ಉದ್ದನೆಯ ಕತ್ತಲೆ ಬೇಕು. ರಾತ್ರಿಯಿಡೀ ದೀಪದ ಬೆಳಕು ಬಿದ್ದ ಗಿಡ ಎಲೆ ಬಿಡುತ್ತಲೇ ಇರುತ್ತದೆ.

ಬೇರೆ ಜಾಗಕ್ಕೆ ಬೇರೆ ಜೋಡಿ

ಋತುವಿನ ಗೊಡವೆ ಬೇಡ, ವರ್ಷಪೂರ್ತಿ ಇರಬೇಕೆನ್ನುವವರಿಗೆ ಕನಕಾಂಬರದ ಒಡಲು, ಹಿಂದೆ ಜಾಲರಿಗೆ ನೀಲಿ ಶಂಖಪುಷ್ಪ, ಒಂದು ಬಿಳಿ ನಂದಿಬಟ್ಟಲು. ಕರಾವಳಿ, ಮಲೆನಾಡಿನ ಜಡಿಮಳೆಗೆ ಚೆಂಡು ಹೂ ನಿಲ್ಲುವುದಿಲ್ಲ. ಅಲ್ಲಿ ಕೇಪಳ, ಹಳದಿ ಕಾಬಾಳೆ, ಬಣ್ಣದೆಲೆಯ ಕ್ರೋಟನ್ ಜೋಡಿ. ಕ್ರೋಟನ್ ನೆರಳಿಗೆ ಬಿದ್ದರೆ ಹಸಿರಾಗುತ್ತದೆ, ಬಣ್ಣಕ್ಕೆ ಬಿಸಿಲೇ ಬೇಕು. ಕಾಗದದ ಹೂ ಇರುವ ಮನೆಯಲ್ಲಿ ಅದೇ ಒಡಲು. ಅದರ ಕೆಳಗೆ ಬಿಳಿ ನಿತ್ಯಪುಷ್ಪ ಬಿಟ್ಟು ಇನ್ಯಾವ ಬಣ್ಣವೂ ಬೇಕಾಗಿಲ್ಲ.

ಜನವರಿಯಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದರೆ ಗಾಜಿನಮನೆಯ ದೊಡ್ಡ ಹೂರಚನೆ ನೋಡಿದ ಮೇಲೆ ಹೊರಗಿನ ನೆಲದ ಪಾತಿಗಳ ಬಳಿಯೂ ಹತ್ತು ನಿಮಿಷ ನಿಲ್ಲಿ. ಒಂದೊಂದು ಬಣ್ಣವನ್ನು ಎಷ್ಟು ಅಗಲಕ್ಕೆ ಹಾಸಿದ್ದಾರೆ, ಎಲ್ಲಿ ನಿಲ್ಲಿಸಿದ್ದಾರೆ ಎಂದು ಹೆಜ್ಜೆಯಲ್ಲಿ ಅಳೆದು ಬರೆದುಕೊಳ್ಳಿ.

ಶಿವರಾತ್ರಿ ಕಳೆದು ಬಿಸಿಲೇರಿದಂತೆ ನೇರಳೆ ಮತ್ತು ಗುಲಾಬಿ ಹೂಗಳು ಪೇಲವವಾಗುತ್ತವೆ. ಅವುಗಳ ಬಣ್ಣದ ವಸ್ತು ಆಂಥೋಸಯಾನಿನ್ ತಂಪಿನಲ್ಲಿ ಗಾಢವಾಗಿ ಕೂಡಿ, ಸೆಕೆಯಲ್ಲಿ ಇಳಿಯುತ್ತದೆ. ಚೆಂಡಿನ ಕಿತ್ತಳೆ ಕ್ಯಾರೊಟಿನಾಯ್ಡ್‌ಗಳದ್ದು, ಬಿಸಿಲಿಗೆ ಅಷ್ಟು ಬೇಗ ಜಗ್ಗದು. ಹಾಗಾಗಿ ಬೇಸಿಗೆಗೆ ಒಡಲನ್ನು ಹಾಗೆಯೇ ಬಿಟ್ಟು ಅಂಚನ್ನು ಮಾತ್ರ ಬದಲಿಸಿ, ಕಡುಗೆಂಪು ಕೋಳಿಜುಟ್ಟು ಹೂವಿನ ಸಸಿಗಳನ್ನು ಕೂರಿಸಿ. ಆಸ್ಟರ್ ಬೇರುಗಳನ್ನು ಪೂರ್ತಿ ಕಿತ್ತು ತೆಗೆಯಿರಿ. ಸೊರಗು ರೋಗದ ಶಿಲೀಂಧ್ರ ಮಣ್ಣಿನಲ್ಲಿ ಉಳಿಯುವುದರಿಂದ ಮುಂದಿನ ಎರಡು-ಮೂರು ವರ್ಷ ಅದೇ ಪಟ್ಟಿಯಲ್ಲಿ ಆಸ್ಟರ್ ನೆಡಬೇಡಿ. ಬರುವ ಸೆಪ್ಟೆಂಬರಿಗೆ ಅದರ ಜಾಗವನ್ನು ಅಂಗಳದ ಇನ್ನೊಂದು ಬದಿಗೆ ಈಗಲೇ ಗುರುತು ಹಾಕಿಡಿ.