ಕಡಿಮೆ ಬೆಲೆಯ ಕಾರ್ಡ್‌ಲೆಸ್ ಗರಗಸ: ದುಡ್ಡು ಹಾಕಬೇಕಾದದ್ದು ಮೆಷಿನ್‌ಗಲ್ಲ

ಬ್ರಶ್ ಮೋಟರಿನ (ಸವೆಯುವ ಕಾರ್ಬನ್ ತುಂಡುಗಳ ಮೂಲಕ ವಿದ್ಯುತ್ ಪಡೆಯುವ ಮೋಟರಿನ) ಅಗ್ಗದ ಕಾರ್ಡ್‌ಲೆಸ್ ಸರ್ಕ್ಯುಲರ್ ಸಾ (ದುಂಡು ಬ್ಲೇಡಿನ ಗರಗಸ) ಹಿಡಿದು 18 ಮಿ.ಮೀ. ಪ್ಲೈಯಲ್ಲಿ ವಾರ್ಡ್‌ರೋಬ್ ಮಾಡುತ್ತೇನೆ ಎಂದಾಗ, ಮರಗೆಲಸ ಬಲ್ಲ ಗೆಳೆಯರು ಒಪ್ಪಲಿಲ್ಲ. ಪ್ಲೈಯ ಅರ್ಧ ಹಾಳೆ ಸೀಳುವಷ್ಟರಲ್ಲಿ ಮೋಟರು ನಿಂತುಹೋಗುತ್ತದೆ, ಆ ಬ್ರಶ್‌ಗಳೇ ಇಲ್ಲದ ದುಬಾರಿ ಬ್ರಶ್‌ಲೆಸ್ ಮೆಷಿನ್ ಕೊಳ್ಳಲಾಗದಿದ್ದರೆ ವೈರಿನ ಮೆಷಿನ್ನೇ ಸರಿ ಎಂಬುದು ಅವರ ವಾದವಾಗಿತ್ತು. ವಾರ್ಡ್‌ರೋಬ್ ಮುಗಿದಿದೆ, ಅದರ ಎರಡು ಬಾಗಿಲುಗಳ ನಡುವಿನ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾಗಿದೆ.

ಮೊದಲು ಮೋಟರು ನಿಂತದ್ದೂ ನಿಜ. ಮೆಷಿನ್ ಜೊತೆಗೆ ಬಂದ 2 ಆಂಪಿಯರ್-ಅವರ್ (ಬ್ಯಾಟರಿಯ ಸಾಮರ್ಥ್ಯದ ಅಳತೆ) ಬ್ಯಾಟರಿ, ಹಾಳೆಯ ಉದ್ದಕ್ಕೆ ಸೀಳುವಾಗ ಪದೇಪದೇ ಕೈಕೊಡುತ್ತಿತ್ತು. ಅದರೊಳಗೆ ಇರುವುದು 5 ಸೆಲ್ಲುಗಳ ಒಂದೇ ಸಾಲು. ಆಮೇಲೆ ಕೊಂಡ 4 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಅಂಥ ಎರಡು ಸಾಲುಗಳಿರುವುದರಿಂದ ಪ್ರತಿ ಸೆಲ್ಲಿನ ಮೇಲೆ ಬೀಳುವ ಹೊರೆ ಅರ್ಧವಾಗುತ್ತದೆ, ವೋಲ್ಟೇಜ್ ಅಷ್ಟಾಗಿ ಕುಸಿಯುವುದಿಲ್ಲ, ಅದೇ ಮೋಟರು ಬೇರೆಯದೇ ಎನ್ನುವಷ್ಟು ಬಲದಿಂದ ಓಡುತ್ತದೆ. ನಡುವೆ, ಹೊಂದುತ್ತದೆ ಎಂದು ಮಾರಿದ ಹೆಸರಿಲ್ಲದ ಅಗ್ಗದ ಬ್ಯಾಟರಿಯೊಂದಕ್ಕೆ ಸುರಿದ ದುಡ್ಡು ನೀರುಪಾಲಾಯಿತು. ಮೇಲೆ ಬರೆದಿದ್ದ ಸಾಮರ್ಥ್ಯದ ಅರ್ಧವೂ ಅದರಲ್ಲಿ ಇರಲಿಲ್ಲ. ಇನ್ನು 20 ವೋಲ್ಟ್, 18 ವೋಲ್ಟ್ ಎಂಬ ಹಣೆಪಟ್ಟಿಗಳಿಗೆ ಮರುಳಾಗಬೇಕಿಲ್ಲ, ಎರಡರಲ್ಲೂ ಇರುವುದು 3.6 ವೋಲ್ಟಿನ ಅದೇ 5 ಸೆಲ್ಲುಗಳ ಸಾಲು.

ಎರಡನೆಯ ಖರ್ಚು ಬ್ಲೇಡಿನದು. 165 ಮಿ.ಮೀ. ವ್ಯಾಸದ ಬ್ಲೇಡು ಕೂರುವ ಗರಗಸದ ಜೊತೆ ಬಂದ ದಪ್ಪ ಬ್ಲೇಡನ್ನು ತೆಗೆದು, ಸುಮಾರು 1.6 ಮಿ.ಮೀ. ಅಗಲಕ್ಕೆ ಮಾತ್ರ ಸೀಳುವ 24 ಹಲ್ಲಿನ ತೆಳುವಾದದ್ದನ್ನು ಹಾಕಿದೆ. ಪುಡಿಯಾಗುವ ಮರ ಕಡಿಮೆಯಾದಷ್ಟೂ ಮೋಟರಿನ ಶ್ರಮ ಕಡಿಮೆ. ನುಣುಪು ಬರಲೆಂದು 60 ಹಲ್ಲಿನದನ್ನೂ ಪರೀಕ್ಷಿಸಿದೆ. ಉದ್ದ ಸೀಳಿನಲ್ಲಿ ಅಂಚು ಕಪ್ಪಾಗಿ ಸುಟ್ಟ ವಾಸನೆ ಬಂದದ್ದಷ್ಟೇ ಲಾಭ. ಕೊಳ್ಳುವಾಗ ನಡುವಿನ ತೂತಿನ ಅಳತೆ 20 ಮಿ.ಮೀ. ಇದೆಯೋ 15.88 ಇದೆಯೋ ನೋಡಿಕೊಳ್ಳಬೇಕು. ನೆನಪಿನ ಲೆಕ್ಕದಲ್ಲಿ, ಬ್ಯಾಟರಿ ಮತ್ತು ಚಾರ್ಜರ್ ಎರಡೂ ಸೇರಿ ಮೆಷಿನ್ನಿಗಿಂತ ಹೆಚ್ಚು ಬಿದ್ದವು, ಬ್ಲೇಡು ಮೆಷಿನ್ನಿನ ಕಾಲು ಭಾಗದಷ್ಟಾಯಿತು. ಈಗ ಒಂದು ಚಾರ್ಜಿಗೆ 8 ಅಡಿಯ ಸೀಳುಗಳು 12–14 ಆಗುತ್ತವೆ.

ಮೋಟರು ನಿಲ್ಲುವುದಕ್ಕೆ ಇನ್ನೊಂದು ಕಾರಣವಿದೆ: ಹಾಳೆ ಬಾಗಿ, ಸೀಳು ಮುಚ್ಚಿಕೊಂಡು ಬ್ಲೇಡನ್ನು ಹಿಡಿಯುವುದು. ಹಾಳೆಯಡಿ ಉದ್ದಗಲಕ್ಕೂ ದಪ್ಪ ಫೋಮ್ ಹಾಸಿ, ಬ್ಲೇಡು ಪ್ಲೈಯ ಅಡಿಯಿಂದ 5–6 ಮಿ.ಮೀ. ಮಾತ್ರ ಹೊರಬರುವಂತೆ ಆಳ ಇಟ್ಟ ಮೇಲೆ ಆ ತೊಂದರೆ ತಪ್ಪಿತು. ಗರಗಸ ನೇರವಾಗಿ ಓಡಲು ಬೇಕಾದ ಗೈಡು ಮನೆಯಲ್ಲೇ ಮಾಡಿದ್ದು. 6 ಮಿ.ಮೀ. ಪ್ಲೈ ಪಟ್ಟಿಯ ಮೇಲೆ, ಕಾರ್ಖಾನೆಯಲ್ಲೇ ನೇರವಾಗಿ ಕತ್ತರಿಸಿದ ಅಂಚಿರುವ ಇನ್ನೊಂದು ಪಟ್ಟಿಯನ್ನು ಅಂಟಿಸಿ, ಅದೇ ಗರಗಸವನ್ನು ಆ ಅಂಚಿಗೆ ಒತ್ತಿ ಒಮ್ಮೆ ಓಡಿಸಿದರೆ ಬ್ಲೇಡು ತನ್ನ ಗಡಿಯನ್ನು ತಾನೇ ಕತ್ತರಿಸಿಕೊಳ್ಳುತ್ತದೆ. ಹಾಗೆ ಕತ್ತರಿಸಿದ ಅಂಚನ್ನು ಪೆನ್ಸಿಲ್ ಗೆರೆಗೆ ಕೂಡಿಸಿ ಕ್ಲಾಂಪ್ ಹಾಕಿದರೆ ಮುಗಿಯಿತು. ಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಕೊಯ್ಯುವುದರಿಂದ ಚಕ್ಕೆ ಏಳುವುದು ಮೇಲ್ಮೈಯಲ್ಲಿ. ಗೈಡು ಅಲ್ಲಿಯೇ ಒತ್ತಿ ಹಿಡಿಯುತ್ತದೆ. ಗರಗಸದ ಅಡಿಯ ಬೇಸ್ ಪ್ಲೇಟನ್ನು ಬ್ಲೇಡಿಗೆ ಸಮಾಂತರವಾಗಿ ಕೂರಿಸಲು ನಾನು ಅನುಸರಿಸುವ ಉಪಾಯವನ್ನು ಸದ್ಯಕ್ಕೆ ನನ್ನಲ್ಲೇ ಉಳಿಸಿಕೊಳ್ಳುತ್ತೇನೆ. ಪ್ಲೇಟಿನ ಅಡಿಗೆ ಮೇಣ ಉಜ್ಜಿದ್ದಂತೂ ನಿರೀಕ್ಷೆಗಿಂತ ಚೆನ್ನಾಗಿ ಫಲ ಕೊಟ್ಟಿತು.

ಗಟ್ಟಿ ಮರದ 40 ಮಿ.ಮೀ. ಹಲಗೆಯನ್ನೂ ಸೀಳಿ ನೋಡಿದೆ. ಆಳವನ್ನು ಹಂತಹಂತವಾಗಿ ಹೆಚ್ಚಿಸುತ್ತ ಎರಡು ಸುತ್ತಿನಲ್ಲಿ ಸೀಳಿದರೆ ಆಗುತ್ತದೆ, ಆದರೆ ಬ್ಯಾಟರಿ ಕೈಗೆ ಬಿಸಿ ತಾಗುವಷ್ಟು ಕಾಯುತ್ತದೆ; ತಣ್ಣಗಾಗುವ ತನಕ ಚಾರ್ಜಿಗೆ ಹಾಕುವುದಿಲ್ಲ. ದಿನವಿಡೀ ಇಂಥ ಕೆಲಸ ಮಾಡುವವರು ಬ್ರಶ್‌ಲೆಸ್ ಕೊಳ್ಳಲಿ. ಬ್ರಶ್ ಮೋಟರೇ ಸಾಕು ಎನ್ನುವವರು, ಮೋಟರಿನ ಎರಡು ಬದಿಯಲ್ಲೂ ಸ್ಕ್ರೂ ಡ್ರೈವರಿನಿಂದ ಬಿಚ್ಚುವ ಗುಂಡನೆಯ ಮುಚ್ಚಳಗಳಿರುವ ಮೆಷಿನ್ ಆರಿಸಿದರೆ, ಸವೆದ ಕಾರ್ಬನ್ ಬ್ರಶ್‌ಗಳನ್ನು ಮನೆಯಲ್ಲೇ ಬದಲಿಸಿಕೊಳ್ಳಬಹುದು.