ಜೊಲ್ಲು ಗ್ರಂಥಿಯ ಕ್ಯಾನ್ಸರ್: ವರದಿ ಕೈಗೆ ಬಂದ ಮೇಲೆ ಏನು ಮಾಡಬೇಕು?

ಮೊದಲು ಬಯಾಪ್ಸಿ ವರದಿಯಲ್ಲಿ ಗಡ್ಡೆಯ ಪೂರ್ತಿ ಹೆಸರು ಹುಡುಕಿ. ಈ ಗ್ರಂಥಿಗಳಲ್ಲಿ 20ಕ್ಕೂ ಜಾಸ್ತಿ ಬಗೆಯ ಕ್ಯಾನ್ಸರ್ ಬರುತ್ತವೆ, ಚಿಕಿತ್ಸೆ ಏನು, ಎಷ್ಟು ಕಾಲ ಬದುಕಬಹುದು ಅನ್ನೋದೆಲ್ಲ ಆ ಹೆಸರು, ಗ್ರೇಡ್ (ಕ್ಯಾನ್ಸರ್ ಕೋಶಗಳು ಎಷ್ಟು ಉಗ್ರವಾಗಿ ಕಾಣುತ್ತವೆ) ಮತ್ತು ಹಂತದ (ಎಷ್ಟು ಬೆಳೆದಿದೆ, ಹರಡಿದೆ) ಮೇಲೆ ನಿಂತಿದೆ. ಕಾಯಿಲೆ ಅಪರೂಪ, ಅಲ್ವಾ? ಹಾಗಾಗಿ ಇಂಥದ್ದನ್ನು ಹೆಚ್ಚು ನೋಡಿರುವ ಇನ್ನೊಬ್ಬ ಪೆಥಾಲಜಿಸ್ಟ್‌ಗೂ (ಗಡ್ಡೆಯ ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ವರದಿ ಬರೆಯುವ ಡಾಕ್ಟರ್) ಸ್ಲೈಡ್ ತೋರಿಸಿ. ಡಾಕ್ಟರ್ ಬೇಜಾರಾಗ್ತಾರೆ ಅಂತ ಸುಮ್ನೆ ಹಿಂಜರಿಯಬೇಡಿ.

ತೆಗೆಯಲು ಸಾಧ್ಯವಿದ್ದರೆ ಆಪರೇಷನ್ನೇ ಮುಖ್ಯ ಚಿಕಿತ್ಸೆ. ಕಿವಿಯ ಮುಂದಿರುವ ಪೆರೋಟಿಡ್ ಗ್ರಂಥಿಯ ಒಳಗಿಂದಲೇ ಮುಖದ ನರ ಹಾದುಹೋಗುತ್ತದೆ, ಕಣ್ಣಿನ ರೆಪ್ಪೆ ಮುಚ್ಚುವುದೂ ಅದರಿಂದಲೇ, ಅದಕ್ಕೇ "ನರ ಉಳಿಯುತ್ತಾ, ಉಳಿಯದಿದ್ದರೆ ಕಣ್ಣು ಮುಚ್ಚೋಕೆ ಏನು ಮಾಡ್ತೀರಿ?" ಅಂತ ಮೊದಲೇ ಕೇಳಿಬಿಡಿ. ಗ್ರೇಡ್ ಹೆಚ್ಚಿದ್ದರೆ ಅಥವಾ ಕ್ಯಾನ್ಸರ್ ನರಕ್ಕೆ ಹತ್ತಿದ್ದರೆ ಆಮೇಲೆ ರೇಡಿಯೇಷನ್ ಕೊಡುವುದು ಸಾಮಾನ್ಯ. ಅದು ಶುರುವಾಗುವ ಮುಂಚೆ ಹಲ್ಲಿನ ಡಾಕ್ಟರ್ ಹತ್ತಿರ ಹೋಗಿ, ಕೀಳಬೇಕಾದ ಹಲ್ಲು ಕೀಳಿಸಿ. ರೇಡಿಯೇಷನ್ ಆದ ದವಡೆ ಸುಲಭವಾಗಿ ಮಾಯುವುದಿಲ್ಲ. ಇದನ್ನು ಎಷ್ಟೋ ಜನ ಮರೆಯುತ್ತಾರೆ.

ಬೇರೆ ಕಡೆ ಹರಡಿದ್ದರೆ ಹೆರ್2, ಆಂಡ್ರೊಜನ್ ರಿಸೆಪ್ಟರ್, ಎನ್‌ಟಿಆರ್‌ಕೆ ಪರೀಕ್ಷೆಗಳ ಬಗ್ಗೆ ಕೇಳಿ (ಔಷಧಿ ಗುರಿಯಿಡಬಹುದಾದ ಗುರುತು ಗಡ್ಡೆಯಲ್ಲಿದೆಯಾ ಅಂತ ಇವು ನೋಡುತ್ತವೆ), ಕೆಲವು ಬಗೆಗಳಿಗೆ ಅದಕ್ಕೆ ತಕ್ಕ ಔಷಧಿಗಳಿವೆ.

ಇನ್ನು 5 ವರ್ಷದ ಲೆಕ್ಕ, ಅಂದರೆ 100ರಲ್ಲಿ ಎಷ್ಟು ಜನ 5 ವರ್ಷ ಆದಮೇಲೂ ಬದುಕಿರುತ್ತಾರೆ ಅನ್ನೋದು. ಅಡಿನಾಯ್ಡ್ ಸಿಸ್ಟಿಕ್ ಬಗೆಯಲ್ಲಿ ಆ ಅಂಕಿ ಚೆನ್ನಾಗಿಯೇ ಕಾಣುತ್ತದೆ, ಆದರೆ 10 ವರ್ಷ ಕಳೆದ ಮೇಲೂ ಅದು ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳಬಹುದು, ಹಾಗೆ ಬಂದರೂ ಎಷ್ಟೋ ಜನ ವರ್ಷಗಟ್ಟಲೆ ಬದುಕುತ್ತಾರೆ. ಆರಾಮಾಗಿದ್ದೀನಿ ಅಂತ ಎದೆ ಸ್ಕ್ಯಾನ್ ತಪ್ಪಿಸಬೇಡಿ.