ಪಿಟ್ಯುಟರಿ ಗ್ರಂಥಿಯ ಸ್ಲೈಡನ್ನು ಓದುವ ಕ್ರಮ

ಮಿದುಳಿನ ಕೆಳಗಿರುವ ಹಾರ್ಮೋನು ಗ್ರಂಥಿಯಾದ ಪಿಟ್ಯುಟರಿಯ ಸ್ಲೈಡನ್ನು ಸೂಕ್ಷ್ಮದರ್ಶಕದ ಕೆಳಗೆ ಇಡುವ ಮೊದಲು ಬಿಳಿ ಹಾಳೆಯ ಮೇಲೆ ಹಿಡಿದು ಬರಿಗಣ್ಣಿನಿಂದ ನೋಡಬೇಕು. ಕೋಶಕೇಂದ್ರಗಳನ್ನು ನೀಲಿನೇರಳೆಯಾಗಿಸುವ ಹೆಮಟಾಕ್ಸಿಲಿನ್ ಮತ್ತು ಕೋಶರಸವನ್ನು ಗುಲಾಬಿಯಾಗಿಸುವ ಇಯೋಸಿನ್ ಬಣ್ಣ ಹಾಕಿದ ಸ್ಲೈಡಾಗಿದ್ದರೆ, ಗಾಢವಾಗಿ ಬಣ್ಣ ಹೀರಿದ ದೊಡ್ಡ ಭಾಗವೂ ಅದಕ್ಕೆ ಅಂಟಿಕೊಂಡ ತಿಳಿಗುಲಾಬಿ ಬಣ್ಣದ ಚಿಕ್ಕ ಭಾಗವೂ ಆಗಲೇ ಬೇರೆಬೇರೆಯಾಗಿ ಕಾಣುತ್ತವೆ. ದೊಡ್ಡದು ಮುಂಭಾಗದ ಹಾಲೆ, ಚಿಕ್ಕದು ಹಿಂಭಾಗದ ಹಾಲೆ. ಅರ್ಧ ಗ್ರಾಂ ಆಸುಪಾಸು ತೂಗುವ ಈ ಗ್ರಂಥಿಯಲ್ಲಿ ಸುಮಾರು ಮುಕ್ಕಾಲು ಪಾಲು ಮುಂಭಾಗದ ಹಾಲೆಯದೇ. ಎರಡೂ ತಲೆಬುರುಡೆಯ ತಳದ ಒಂದೇ ಕುಳಿಯಲ್ಲಿದ್ದರೂ ಅವುಗಳ ಮೂಲ ಬೇರೆ: ಮುಂಭಾಗದ ಹಾಲೆ ಭ್ರೂಣದ ಬಾಯಿಯ ಮೇಲ್ಭಾಗದಿಂದ ಎದ್ದ ರಾಥ್ಕೆ ಚೀಲದಿಂದ ಬೆಳೆದರೆ, ಹಿಂಭಾಗದ ಹಾಲೆ ಮಿದುಳಿನ ತಳದಿಂದ ಕೆಳಗಿಳಿದ ನರ ಅಂಗಾಂಶ. ಆದ್ದರಿಂದ ಮೊದಲನೆಯದನ್ನು ಗ್ರಂಥಿಯೆಂದೂ ಎರಡನೆಯದನ್ನು ಮಿದುಳಿನ ಮುಂದುವರಿಕೆಯೆಂದೂ ನೋಡಬೇಕು; ಈ ಒಂದು ಭೇದ ಮನಸ್ಸಿನಲ್ಲಿದ್ದರೆ ಉಳಿದ ವಿವರಗಳಲ್ಲಿ ಗೊಂದಲವಾಗುವುದು ಕಡಿಮೆ.

ಈಗ 4 ಅಥವಾ 10 ಪಟ್ಟು ಹಿಗ್ಗಿಸುವ ಆಬ್ಜೆಕ್ಟಿವ್‌ನಿಂದ ಇಡೀ ಛೇದವನ್ನು ಒಮ್ಮೆ ಸುತ್ತಿ ಬನ್ನಿ. ಛೇದವು ಅಡ್ಡಲಾಗಿದ್ದರೆ ಮುಂಭಾಗದ ಹಾಲೆಯ ಎರಡು ಪಕ್ಕಗಳು ಕೆಂಪಾಗಿಯೂ ನಡುವಿನ ಪಟ್ಟಿ ನೇರಳೆಯಾಗಿಯೂ ಕಾಣುವುದುಂಟು. ಇದನ್ನು ಬಣ್ಣ ಹಾಕುವಾಗ ಆದ ದೋಷವೆಂದು ತಿಳಿಯಬಾರದು. ಬೆಳವಣಿಗೆಯ ಹಾರ್ಮೋನನ್ನು ತಯಾರಿಸುವ, ಕೆಂಪು ಛಾಯೆ ಪಡೆಯುವ ಕೋಶಗಳು ಪಕ್ಕಗಳಲ್ಲಿ ಹೆಚ್ಚು; ಅಡ್ರೀನಲ್ ಗ್ರಂಥಿಯನ್ನು ಪ್ರಚೋದಿಸುವ ಎಸಿಟಿಎಚ್ ಮತ್ತು ಥೈರಾಯ್ಡನ್ನು ಪ್ರಚೋದಿಸುವ ಟಿಎಸ್‌ಎಚ್ ಹಾರ್ಮೋನುಗಳನ್ನು ತಯಾರಿಸುವ, ನೇರಳೆಯತ್ತ ವಾಲುವ ಕೋಶಗಳು ನಡುಭಾಗದಲ್ಲಿ ಹೆಚ್ಚು. ಒಂದೇ ಜಾಗವನ್ನು ನೋಡಿ ಯಾವ ಕೋಶ ಎಷ್ಟಿದೆ ಎಂದು ಹೇಳಲು ಹೊರಟರೆ ತಪ್ಪು ಉತ್ತರ ಸಿಗುವುದು ಇದರಿಂದಲೇ.

ಬಳಿಕ 40 ಪಟ್ಟಿನ ಆಬ್ಜೆಕ್ಟಿವ್‌ಗೆ ಹೋಗಿ ಮುಂಭಾಗದ ಹಾಲೆಯಲ್ಲಿ ನಿಲ್ಲಿ. ಕೋಶಗಳು ಸಣ್ಣ ಗೊಂಚಲುಗಳಾಗಿ, ಅಲ್ಲಲ್ಲಿ ಎಳೆಗಳಾಗಿ ಜೋಡಿಸಿಕೊಂಡಿರುತ್ತವೆ. ಗೊಂಚಲುಗಳ ನಡುವೆ ತೆಳುಗೋಡೆಯ ಅಗಲವಾದ ಲೋಮನಾಳಗಳು ಹಾದಿರುತ್ತವೆ. ಆ ಲೋಮನಾಳಗಳೊಳಗೆ ಸಿಕ್ಕಿರುವ ಕೆಂಪು ರಕ್ತಕಣಗಳನ್ನು ಮೊದಲು ಹುಡುಕುವುದು ಒಳ್ಳೆಯ ಅಭ್ಯಾಸ. ಆ ಸ್ಲೈಡಿನಲ್ಲಿ ಇಯೋಸಿನ್ ಎಷ್ಟು ಗಾಢವಾಗಿ ಹಿಡಿದಿದೆ ಎಂಬುದಕ್ಕೆ ಅವೇ ಅಳತೆಗೋಲು, ಮತ್ತು ಸುಮಾರು 7 ಮೈಕ್ರೋಮೀಟರ್ ವ್ಯಾಸದ ಅವುಗಳ ಪಕ್ಕದಲ್ಲಿ ಕೋಶಗಳ ಗಾತ್ರವನ್ನೂ ಅಂದಾಜು ಮಾಡಬಹುದು. ಈ ಹೋಲಿಕೆಯ ನಂತರ ಮೂರು ಬಗೆಯ ಕೋಶಗಳು ಬೇರ್ಪಡುತ್ತವೆ: ಕೋಶರಸ ಕೆಂಪು ಛಾಯೆ ಪಡೆದ ಆಸಿಡೋಫಿಲ್‌ಗಳು, ನೇರಳೆಯತ್ತ ವಾಲಿದ ಬೇಸೋಫಿಲ್‌ಗಳು, ಹಾಗೂ ಬಣ್ಣವನ್ನೇ ಸರಿಯಾಗಿ ಹಿಡಿಯದೆ ಬಹುತೇಕ ಕೋಶಕೇಂದ್ರಗಳಷ್ಟೇ ಗುಂಪಾಗಿ ಕಾಣುವ ಕ್ರೋಮೋಫೋಬ್‌ಗಳು.

ಇಲ್ಲಿಯೇ ಓದುಗರು ಹೆಚ್ಚು ಎಚ್ಚರ ವಹಿಸಬೇಕು. ಬಣ್ಣ ಹೇಳುವುದು ಕೋಶದಲ್ಲಿ ಶೇಖರವಾದ ಕಣಗಳ ರಾಸಾಯನಿಕ ಗುಣವನ್ನೇ ಹೊರತು ಹಾರ್ಮೋನಿನ ಹೆಸರನ್ನಲ್ಲ. ಆಸಿಡೋಫಿಲ್ ಎಂದರೆ ಅದು ಬೆಳವಣಿಗೆಯ ಹಾರ್ಮೋನಿನ ಕೋಶವೂ ಆಗಿರಬಹುದು, ಮೊಲೆಹಾಲಿನ ಉತ್ಪಾದನೆಗೆ ಕಾರಣವಾದ ಪ್ರೊಲ್ಯಾಕ್ಟಿನ್ ಹಾರ್ಮೋನಿನ ಕೋಶವೂ ಆಗಿರಬಹುದು. ಬೇಸೋಫಿಲ್‌ಗಳ ಗುಂಪಿನಲ್ಲಿ ಥೈರಾಯ್ಡನ್ನು ಪ್ರಚೋದಿಸುವ ಟಿಎಸ್‌ಎಚ್, ಅಂಡಾಶಯ ಹಾಗೂ ವೃಷಣಗಳ ಮೇಲೆ ಕೆಲಸ ಮಾಡುವ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್, ಅಡ್ರೀನಲ್ ಗ್ರಂಥಿಯ ಹೊರಪದರದಿಂದ ಕಾರ್ಟಿಸಾಲ್ ಹೊರಡಿಸುವ ಎಸಿಟಿಎಚ್ ಇವುಗಳ ಕೋಶಗಳೆಲ್ಲ ಸೇರಿವೆ. ಟಿಎಸ್‌ಎಚ್, ಎಫ್‌ಎಸ್‌ಎಚ್, ಎಲ್‌ಎಚ್‌ಗಳು ಸಕ್ಕರೆಯ ಸರಪಣಿ ಹೊತ್ತ ಪ್ರೋಟೀನುಗಳಾದ್ದರಿಂದ ಸಕ್ಕರೆಯ ಅಂಶವನ್ನು ತೋರಿಸುವ ಪಿಎಎಸ್ ಬಣ್ಣದಲ್ಲಿ ಈ ಕೋಶಗಳು ಕಡುಗುಲಾಬಿಯಾಗುತ್ತವೆ. ಎಸಿಟಿಎಚ್‌ಗೆ ಅಂತಹ ಸರಪಣಿಯಿಲ್ಲ. ಆದರೆ ಅದು ಕತ್ತರಿಸಿ ಬರುವ ಮೂಲ ಪ್ರೋಟೀನಿಗೆ ಸಕ್ಕರೆ ಅಂಟಿಕೊಂಡಿರುವುದರಿಂದ ಅದರ ಕೋಶವೂ ಅದೇ ಬಣ್ಣ ಪಡೆಯುತ್ತದೆ. ಕ್ರೋಮೋಫೋಬ್ ಬೇರೆಯೇ ಜಾತಿಯ ಕೋಶವೆಂದು ಪಾಠ ಮಾಡುವವರಿದ್ದಾರೆ. ಅವುಗಳಲ್ಲಿ ಹಲವು, ಕಣಗಳನ್ನು ಈಗಷ್ಟೇ ಬಿಡುಗಡೆ ಮಾಡಿ ಬರಿದಾದ ಕೋಶಗಳೆಂದು ತಿಳಿಯುವುದೇ ಹೆಚ್ಚು ಸರಿ. ಒಂದು ಕೋಶ ನಿಖರವಾಗಿ ಯಾವ ಹಾರ್ಮೋನನ್ನು ಹೊಂದಿದೆ ಎಂದು ಹೇಳಬೇಕಾದರೆ ಆ ಹಾರ್ಮೋನಿಗೇ ಅಂಟುವ ಪ್ರತಿಕಾಯ ಬಳಸಿದ ಇಮ್ಯುನೋ ಬಣ್ಣದ ಸ್ಲೈಡ್ ಬೇಕು.

ಲೋಮನಾಳಗಳ ಕಡೆಗೆ ಮತ್ತೊಮ್ಮೆ ಗಮನ ಹರಿಸಿ. ಇವುಗಳಲ್ಲಿ ಹರಿಯುವ ರಕ್ತದ ಹೆಚ್ಚಿನ ಪಾಲು, ಗ್ರಂಥಿಯ ಮೇಲಿರುವ ಮಿದುಳಿನ ಭಾಗವಾದ ಹೈಪೋಥಲಾಮಸ್‌ನ ತಳದ ಲೋಮನಾಳ ಜಾಲವೊಂದನ್ನು ಹಾದು, ಗ್ರಂಥಿಯನ್ನು ಮಿದುಳಿಗೆ ಸೇರಿಸುವ ತೊಟ್ಟಿನ ಉದ್ದಕ್ಕೂ ಇಳಿಯುವ ಪೋರ್ಟಲ್ ಅಭಿಧಮನಿಗಳ ಮೂಲಕ ಬಂದದ್ದು. ಅಲ್ಲಿ ಬೆರೆತ ಪ್ರಚೋದಕ ಮತ್ತು ಪ್ರತಿಬಂಧಕ ಹಾರ್ಮೋನುಗಳು ಮೈಯ ರಕ್ತದಲ್ಲೆಲ್ಲ ಕರಗಿಹೋಗದೆ ನೇರವಾಗಿ ಈ ಕೋಶಗಳಿಗೆ ತಲುಪುತ್ತವೆ. ಅಪಘಾತದಲ್ಲಿಯೋ ಗೆಡ್ಡೆಯ ಒತ್ತಡದಿಂದಲೋ ತೊಟ್ಟು ತುಂಡಾದರೆ ಮುಂಭಾಗದ ಉಳಿದ ಹಾರ್ಮೋನುಗಳು ತಗ್ಗುತ್ತವೆ, ಪ್ರೊಲ್ಯಾಕ್ಟಿನ್ ಮಾತ್ರ ಏರುತ್ತದೆ. ಅದನ್ನು ಸದಾ ಅಂಕೆಯಲ್ಲಿಡುವುದು ಈ ದಾರಿಯಲ್ಲೇ ಬರುವ ಡೋಪಮಿನ್ ಆಗಿರುವುದು ಇದಕ್ಕೆ ಕಾರಣ.

ಹಿಂಭಾಗದ ಹಾಲೆಗೆ ಸ್ಲೈಡನ್ನು ಸರಿಸಿದಾಗ ಗೊಂಚಲುಗಳೆಲ್ಲ ಮಾಯವಾಗಿ ಎಳೆಎಳೆಯಾದ ಮಸುಕು ಹಿನ್ನೆಲೆ ಕಾಣುತ್ತದೆ. ಅವು ಮಯಲಿನ್ ಎಂಬ ಕೊಬ್ಬಿನ ಹೊದಿಕೆಯಿಲ್ಲದ ಆಕ್ಸಾನ್‌ಗಳು, ಅಂದರೆ ನರಕೋಶಗಳ ಉದ್ದನೆಯ ಎಳೆಗಳು. ನಡುವೆ ಚದುರಿರುವ ಕೋಶಕೇಂದ್ರಗಳನ್ನು ನರಕೋಶಗಳದ್ದೆಂದು ಬರೆಯುವುದು ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು. ಅವು ಬಹುತೇಕ ಪಿಟ್ಯುಸೈಟ್ ಎಂಬ ಆಸರೆ ಕೋಶಗಳಿಗೆ, ಉಳಿದವು ಲೋಮನಾಳಗಳ ಗೋಡೆಗೆ ಸೇರಿದವು. ನರಕೋಶಗಳ ಕಾಯಗಳು ಮೇಲೆ ಹೈಪೋಥಲಾಮಸ್‌ನ ಸುಪ್ರಾಆಪ್ಟಿಕ್ ಮತ್ತು ಪ್ಯಾರಾವೆಂಟ್ರಿಕ್ಯುಲರ್ ನ್ಯೂಕ್ಲಿಯಸ್ ಎಂಬ ನರಕೋಶಗಳ ಗುಂಪುಗಳಲ್ಲಿವೆ. ಮೂತ್ರಪಿಂಡದಲ್ಲಿ ನೀರನ್ನು ಉಳಿಸುವ ವ್ಯಾಸೊಪ್ರೆಸಿನ್ ಮತ್ತು ಗರ್ಭಕೋಶವನ್ನು ಸಂಕುಚಿಸಿ ಮೊಲೆಹಾಲನ್ನು ಹೊರಚಿಮ್ಮಿಸುವ ಆಕ್ಸಿಟೋಸಿನ್ ಅಲ್ಲಿಯೇ ತಯಾರಾಗಿ, ಆಕ್ಸಾನ್‌ಗಳೊಳಗೆ ಇಳಿದುಬಂದು, ಇಲ್ಲಿ ಹೆರಿಂಗ್ ಕಾಯಗಳೆಂಬ ಉಬ್ಬುಗಳಲ್ಲಿ ಶೇಖರವಾಗುತ್ತವೆ. ಸಾಧಾರಣ ಬಣ್ಣದಲ್ಲಿ ಹೆರಿಂಗ್ ಕಾಯವು ಕೋಶಕೇಂದ್ರವಿಲ್ಲದ, ಕಣಕಣವಾದ ಗುಲಾಬಿ ಉಂಡೆಯಂತೆ ತೋರುತ್ತದೆ. ಕ್ರೋಮ್ ಆಲಂ ಹೆಮಟಾಕ್ಸಿಲಿನ್‌ನಲ್ಲಿ ಕಡುನೀಲಿಯಾಗಿ ಎದ್ದು ಕಾಣುತ್ತದೆ.

ಎರಡು ಹಾಲೆಗಳು ಕೂಡುವ ಗಡಿಯಲ್ಲಿ ಗುಲಾಬಿ ದ್ರವ ತುಂಬಿದ ಸಣ್ಣ ಚೀಲಗಳಿದ್ದರೆ ಅದು ಗ್ರಂಥಿಯ ಮಧ್ಯಭಾಗ (ಪಾರ್ಸ್ ಇಂಟರ್‌ಮೀಡಿಯಾ). ಮನುಷ್ಯರಲ್ಲಿ ಅದು ರಾಥ್ಕೆ ಚೀಲದ ಅವಶೇಷವಷ್ಟೇ. ಅಲ್ಲಿಂದ ಕೆಲವು ಬೇಸೋಫಿಲ್‌ಗಳು ಹಿಂಭಾಗದ ಹಾಲೆಯೊಳಗೆ ನುಸುಳಿರುವುದು ವಯಸ್ಕರಲ್ಲಿ ಸಹಜ, ಅದನ್ನು ರೋಗವೆಂದು ಬರೆಯಬಾರದು.

ದಾಖಲೆ ಪುಸ್ತಕದಲ್ಲಿ ಚಿತ್ರ ಬರೆಯುವಾಗ ಎರಡೂ ಹಾಲೆಗಳ ಗಡಿ ಸೇರುವಂತೆ ಕಡಿಮೆ ಹಿಗ್ಗಿಸುವಿಕೆಯ ಒಂದು ಚಿತ್ರವನ್ನೂ ಪ್ರತಿ ಹಾಲೆಗೆ ಹೆಚ್ಚಿನ ಹಿಗ್ಗಿಸುವಿಕೆಯ ಒಂದೊಂದು ಚಿತ್ರವನ್ನೂ ಹಾಕಿ, ಬಳಸಿದ ಬಣ್ಣದ ಹೆಸರನ್ನು ಕೆಳಗೆ ನಮೂದಿಸಿ. ಕೋಶದ ಪಕ್ಕದಲ್ಲಿ ‘ಆಸಿಡೋಫಿಲ್’ ಎಂದಷ್ಟೇ ಬರೆಯಿರಿ; ಇಮ್ಯುನೋ ಬಣ್ಣ ಹಾಕಿರದ ಸ್ಲೈಡಿನ ಚಿತ್ರಕ್ಕೆ ‘ಪ್ರೊಲ್ಯಾಕ್ಟಿನ್ ಕೋಶ’ ಎಂದು ಗುರುತು ಹಾಕಬೇಡಿ.